ನಮ್ಮನೆಯ ಸವತಿ ಪದ್ಮಿನಿ

ಸವತಿ ಎಂದ ಕೂಡಲೇ ಹುಬ್ಬೇರಿಸಬೇಡಿ. ಹೆಂಗಸಲ್ಲ, ಕಾರು! 1981ರಲ್ಲಿ ನಮ್ಮನೆಯವರು ಹುಬ್ಬಳ್ಳಿಯಿಂದ ಒಂದು ಸೆಕೆಂಡ್‌ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ತಂದು ಕುಮಟಾದ ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತಿದರು. ಪಕ್ಕದ ಮನೆಯ ಅಕ್ಕ ನನ್ನ ಕಿವಿಯಲ್ಲಿ, “ಹೆಸರೂ ಹೆಂಗಸಿನದೇ. ನಿಂಗೆ ಸವತಿ ಬಂದ ಹಾಗಾಯ್ತಲ್ಲೇ!” ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರ ಮಾತು ಎಷ್ಟು ನಿಜ ಎಂಬುದು ನನಗೆ ತಿಳಿದದ್ದು ಆಮೇಲೆ.

ಇವರ ಈ ಹುಚ್ಚು ಹುಟ್ಟಿನಿಂದ ಬಂದದ್ದು. ಇವರದು ಹೊನ್ನಾವರ. ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಕಾರುಗಳು ಹೊಳೆ ದಾಟುತ್ತಿದ್ದವಂತೆ. ಶಾಲೆ ಬಿಟ್ಟ ಮೇಲೆ ಇವರ ಠಾಣೆ ಅಲ್ಲಿಯೇ. ಬಂದದ್ದು ಲ್ಯಾಂಡ್‌ಮಾಸ್ಟರೋ, ಅಂಬಾಸಡರೋ, ಸ್ಟ್ಯಾಂಡರ್ಡ್ ಹೆರಾಲ್ಡೋ ಎಂದು ಕಣ್ಣು ಮುಚ್ಚಿ ಸದ್ದಿನ ಮೇಲೇ ಹೇಳುತ್ತಿದ್ದರಂತೆ. ಗುಂಡಗಿನ ಹಳೆಯ ಫಿಯೆಟ್‌ಗೆ ಮುಂಬಯಿ ಕಡೆಯವರು ‘ಡುಕ್ಕರ್ ಫಿಯೆಟ್’, ಅಂದರೆ ಹಂದಿ ಫಿಯೆಟ್ ಎನ್ನುತ್ತಿದ್ದರು. ಇವರಿಗೆ ಅದೆಂದರೆ ಪ್ರಾಣ. ಮನೆಗೆ ಬಂದು ಬೆಂಕಿಪೆಟ್ಟಿಗೆಗೆ ಅಂಗಿಯ ಗುಂಡಿ ಹಚ್ಚಿ ಅದೇ ಕಾರು ಮಾಡುವುದು, ಗುಂಡಿ ಕಿತ್ತದ್ದಕ್ಕೆ ತಾಯಿಯ ಕೈಯಲ್ಲಿ ಪೆಟ್ಟು ತಿನ್ನುವುದು, ಇದು ದಿನದ ಕಥೆ.

ಆಗಿನ ಕಾಲದಲ್ಲಿ ಹೊಸ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರಿಗೆ ಹಳೆಯದೇ ಗತಿ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್‌ಗೆ 1974ರ ಸುಮಾರಿಗೆ ಪದ್ಮಿನಿ ಎಂದು ಹೆಸರಾಯಿತು. ನಮ್ಮದು 1976ರ ಗಾಡಿ. ಹಾಲಿನ ಕೆನೆಯ ಬಣ್ಣ, ಮುಂದೆ ಬೆಂಚಿನಂಥ ಉದ್ದ ಸೀಟು, ಗೇರು ಸ್ಟೀರಿಂಗಿನ ಪಕ್ಕದಲ್ಲೇ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಅರ್ಧ ದಾರಿಗೆ ನೀರು ಕುದಿಯುತ್ತಿತ್ತು. ನಾವೆಲ್ಲ ಇಳಿದು ಮರದ ನೆರಳಲ್ಲಿ ಕೂತು ಅವಲಕ್ಕಿ ತಿನ್ನುವುದು, ಇವರು ಬಾನೆಟ್ ಎತ್ತಿ ಅದರ ಜ್ವರ ಇಳಿಯುವುದನ್ನು ಕಾಯುವುದು. ಮಕ್ಕಳ ಜ್ವರಕ್ಕೂ ಅಷ್ಟು ಕಾದವರಲ್ಲ ಎಂದು ನಾನು ಚುಚ್ಚುತ್ತಿದ್ದೆ.

ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ನಮ್ಮ ಕಡೆಯ ಗಾಳಿಯ ಗುಣ ಬೇರೆ ಹೇಳಬೇಕಾಗಿಲ್ಲ. ಕಬ್ಬಿಣ ಕಂಡರೆ ಅದಕ್ಕೆ ಹಸಿವು. ಸಮುದ್ರದ ಕಡೆ ಹೋಗಿ ಬಂದ ದಿನ ಕಾರಿನ ಹೊಟ್ಟೆಗೆಲ್ಲ ಬಾವಿಯ ನೀರು ಹೊಯ್ದು ಉಪ್ಪು ತೊಳೆಯಬೇಕು. ಮಳೆಗಾಲಕ್ಕೆ ಮೊದಲು ಅಡಿಗೆ ಡಾಂಬರು ಬಳಿಯಬೇಕು. ನನ್ನ ಬಚ್ಚಲ ಹಂಡೆಗೆ ವರ್ಷಕ್ಕೊಮ್ಮೆ ಹುಳಿ ಹಚ್ಚಿ ತಿಕ್ಕಿಕೊಡಿ ಎಂದರೆ ಪುರುಸೊತ್ತಿಲ್ಲ!

ಇಷ್ಟು ಸಾಲದೆಂದು 1984ರಲ್ಲಿ ಭಟ್ಕಳದ ಪೇಟೆಯಿಂದ ಇನ್ನೊಂದು ಬಂತು. ಕೊಲ್ಲಿ ದೇಶಗಳಿಂದ ಬಂದ ಸಾಮಾನು ಅಲ್ಲಿ ಸಿಗುತ್ತಿತ್ತಲ್ಲ, ಸೆಂಟು, ಟಾರ್ಚು, ನೈಲಾನ್ ಸೀರೆ. ಇವರು ತಂದದ್ದು ಒಂದು ರಟ್ಟಿನ ಪೆಟ್ಟಿಗೆ. ಜಪಾನಿನ ಮಾಡೆಲ್ ಕಾರಿನ ಕಿಟ್ಟು. ಒಳಗೆ ಚೌಕಟ್ಟಿಗೆ ಅಂಟಿಕೊಂಡ ನೂರಾರು ಪ್ಲಾಸ್ಟಿಕ್ ಚೂರು. ಒಂದೊಂದೇ ಬಿಡಿಸಿ, ಉಜ್ಜಿ, ಬಣ್ಣ ಹಚ್ಚಿ ಅಂಟಿಸಬೇಕು. ಬೆಲೆ ಕೇಳಿದೆ. 120 ರೂಪಾಯಿ! ಆ ತಿಂಗಳು ಮಗನ ಹೊಸ ಅಂಗಿಯನ್ನು ಮುಂದೆ ಹಾಕಿದ್ದೆವು. ಮೂರು ದಿನ ನಾನು ಮಾತಾಡಲಿಲ್ಲ. ಇವರಿಗೆ ಅದು ಗೊತ್ತೇ ಆಗಲಿಲ್ಲ, ಅಂಟಿಸುತ್ತಾ ಕೂತಿದ್ದರು.

ಮುಂದೆ ಕಿಟ್ಟು ಸಾಕು, ನಮ್ಮ ಪದ್ಮಿನಿಯನ್ನೇ ಮರದಲ್ಲಿ ಮಾಡುತ್ತೇನೆ ಎಂದು ಹೊರಟರು. ನಮ್ಮ ಜಿಲ್ಲೆಯ ಗುಡಿಗಾರರು ಗಂಧದ ತುಂಡಿನಲ್ಲಿ ದೇವರನ್ನೇ ಕೆತ್ತುವಾಗ ಕಾರೇನು ದೊಡ್ಡದು ಎಂಬ ಧೈರ್ಯ. ನನ್ನ ಹೊಲಿಗೆಯ ಟೇಪು ಹಿಡಿದು ಕಾರಿನ ಮೈಯೆಲ್ಲ ಅಳೆದರು. ಲೆಕ್ಕ ಸುಲಭ: 24 ಇಂಚು ಇದ್ದಲ್ಲಿ 1 ಇಂಚು. ಸುಮಾರು 13 ಅಡಿಯ ಕಾರು ಆರೂವರೆ ಇಂಚಿಗೆ ಇಳಿಯುತ್ತದೆ, ಒಂದು ಗೇಣೂ ಇಲ್ಲ. ಬಾಗಿಲಿನ ಗೆರೆ, ದೀಪದ ಕುಳಿ, ಬಾನೆಟ್ಟಿನ ಉಬ್ಬು, ಎಲ್ಲ ರಾತ್ರಿ ಊಟದ ಮೇಲೆ ಒಂದಿಷ್ಟು ಒಂದಿಷ್ಟು.

ಆ ದಿನಗಳಲ್ಲೇ ಇವರು ಹಲವು ಸಲ ಕರೆದದ್ದುಂಟು: “ಬಾ, ಮಣಕಿ ಮೈದಾನದಲ್ಲಿ ಕಾರು ಬಿಡುವುದು ಕಲಿಸ್ತೇನೆ.” ನಾನೇ ಹೋಗಲಿಲ್ಲ. ಅತ್ತೆ ಬೇಡವೆಂದವರಲ್ಲ. ನೋಡಿದವರು ಏನೆಂದಾರು ಎಂಬ ನಾಚಿಕೆ ನನ್ನದೇ. ಜೊತೆಗೆ ಸವತಿಯ ಮೇಲಿನ ಸಿಟ್ಟು.

1989ರ ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಆಕಾಶ ಹರಿದ ಮಳೆ, ಕರೆಂಟಿಲ್ಲ. ಎರಡು ಗಂಟೆಗೆ ಇವರು ಎದೆ ಹಿಡಿದುಕೊಂಡು ಎದ್ದು ಕೂತರು. ಮೈಯೆಲ್ಲ ಬೆವರು, ಮಾತು ಹೊರಡದು. ಅಂಗಳದಲ್ಲಿ ಕಾರಿದೆ, ಪೆಟ್ರೋಲೂ ಇದೆ. ಬೀಗದ ಕೈ ನನ್ನ ಮುಷ್ಟಿಯಲ್ಲೇ ಇದೆ. ಮನೆಯಲ್ಲಿ ಅತ್ತೆ, ನಾನು, ಹನ್ನೆರಡರ ಮಗ, ಒಂಬತ್ತರ ಮಗಳು. ಕಾರು ಬಿಡಬಲ್ಲವರು ಒಬ್ಬರೇ, ಅವರು ಹಾಸಿಗೆಯ ಮೇಲೆ.

ನಾನು ಕೊಡೆಯನ್ನೂ ಹಿಡಿಯದೆ ಓಡಿದೆ. ಮೊದಲ ಮನೆಯಲ್ಲಿ ಬಾಗಿಲು ತೆರೆದರು, ಅವರಿಗೆ ಕಾರು ಬಾರದು. ಆಚೆ ಕೇರಿಯಲ್ಲಿ ಮ್ಯಾಟಡೋರ್ ಓಡಿಸುವ ಹುಡುಗನನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಇವರ ತಲೆ ನನ್ನ ತೊಡೆಯ ಮೇಲೆ. ಮೀನಿನ ಬುಟ್ಟಿಗಳ ನಡುವೆ ಆಸ್ಪತ್ರೆ ಮುಟ್ಟಿದೆವು. ದೇವರ ದಯೆ, ಉಳಿದರು. ಆದರೆ ಆ ಮುಕ್ಕಾಲು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಕಾರು ಕೈಕೊಟ್ಟಿರಲಿಲ್ಲ, ಕೈಕೊಟ್ಟದ್ದು ನನ್ನ ನಾಚಿಕೆ.

ಇವರು ಎದ್ದು ಓಡಾಡುವಂತಾದ ಮೇಲೆ, ನವರಾತ್ರಿ ಕಳೆದ ವಾರ, ನಾನೇ ಬೀಗದ ಕೈ ತಂದು ಎದುರಿಗೆ ಇಟ್ಟೆ. “ಕಲಿಸಿ” ಎಂದೆ. ಅವರು ಏನೂ ಕೇಳಲಿಲ್ಲ. ಮಣಕಿ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಪಾಠ. ಕ್ಲಚ್ಚಿನ ಮೇಲೆ ಕಾಲು ನಡುಗುತ್ತಿತ್ತು, ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಕ್ರಿಕೆಟ್ ಆಡುವ ಹುಡುಗರು ವಿಕೆಟ್ ಕಿತ್ತುಕೊಂಡು ಓಡುತ್ತಿದ್ದರು! “ಒಗ್ಗರಣೆಗೆ ಎಣ್ಣೆ ಕಾದದ್ದು ನಿಂಗೆ ಸದ್ದಿನಲ್ಲೇ ಗೊತ್ತಾಗ್ತದಲ್ಲ, ಹಾಗೇ ಇಂಜಿನ್ನಿನ ಸದ್ದು ಕೇಳು” ಎಂದರು. ಅಲ್ಲಿಗೆ ಗೇರು ಒಲಿಯಿತು. ಲೈಸೆನ್ಸ್ ಬಂದ ಮೇಲೆ ಮೊದಲ ಸವಾರಿ ಹಳದೀಪುರ, ಕರ್ಕಿ ದಾಟಿ ಹೊನ್ನಾವರಕ್ಕೆ. ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿ ರಾಮನಾಮ ಹೇಳುತ್ತಿದ್ದವರು ಕರ್ಕಿಯ ಹತ್ತಿರ ಕಣ್ಣು ತೆರೆದರು. ಸವತಿಯ ಜೊತೆ ನನಗೆ ರಾಜಿಯಾದದ್ದು ಅಂದೇ.

2003ರಲ್ಲಿ ಅವಳನ್ನು ಕೊಡಬೇಕಾಯಿತು. ಉಪ್ಪು ಗೆದ್ದಿತ್ತು, ಅಡಿ ತೂತಾಗಿತ್ತು. ಅಷ್ಟರಲ್ಲಿ ಕಾರ್ಖಾನೆಯೂ ಪದ್ಮಿನಿ ಮಾಡುವುದನ್ನು ನಿಲ್ಲಿಸಿತ್ತು. ಮರದ ಪದ್ಮಿನಿಯೋ, ಆ ರಾತ್ರಿಯ ಮೊದಲು ಎಲ್ಲಿತ್ತೋ ಅಲ್ಲಿಗೇ ನಿಂತು ಅಟ್ಟ ಸೇರಿತ್ತು.

2023ರ ಅಕ್ಟೋಬರ್ ಕೊನೆಗೆ ಪೇಪರಿನಲ್ಲಿ ಸುದ್ದಿ ಬಂತು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ದುಡಿದ ಕೊನೆಯ ಪದ್ಮಿನಿಗೂ 20 ವರ್ಷದ ಅವಧಿ ಮುಗಿಯಿತು, ಇನ್ನು ಆ ಕಪ್ಪು-ಹಳದಿ ಗಾಡಿ ಬೀದಿಯಲ್ಲಿ ಕಾಣದು ಎಂದು. ಇವರು ಪೇಪರ್ ಮಡಚಿಟ್ಟು, “ಅಟ್ಟದಿಂದ ಆ ಪೆಟ್ಟಿಗೆ ಇಳಿಸಿಕೊಡ್ತೀಯಾ?” ಎಂದರು. ಇಳಿಸಿದೆ. ಆದರೆ ಅವರ ಕೈ ನಡುಗುತ್ತದೆ, ಉಳಿ ಹಿಡಿಯಲಾರರು. ದೀಪಾವಳಿಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಅವರು ಹೇಳುವುದು, ನಾವಿಬ್ಬರು ಮಾಡುವುದು ಎಂದಾಯಿತು.

ಮಕ್ಕಳ ಜೊತೆ ಮಾಡಿ ನೋಡುವವರಿಗೆ ನಾನು ಕಲಿತದ್ದು ನಾಲ್ಕು ಮಾತು. ಮರದ ಬಿರುಕಿಗೆ ಚಾಕ್‌ಪೀಸಿನ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜುಕಾಗದದಿಂದ ತಿಕ್ಕಿ. ಬಣ್ಣ ತೆಳುವಾಗಿ ಎರಡು-ಮೂರು ಸಲ ಹಚ್ಚಿ. ಮಳೆಯ ದಿನ ಹಚ್ಚಲೇಬೇಡಿ, ಬೇಗ ಒಣಗುವುದೂ ಇಲ್ಲ, ಹೊಳಪೂ ಬಾರದು. ಹಚ್ಚಿದ ಮೇಲೆ ದೂಳು ಕೂರದಂತೆ ಪಾತ್ರೆ ಕವುಚಿಡಿ. ಉಗುರಿನ ಬಣ್ಣ ಮರಕ್ಕೆ ಅಡ್ಡಿಯಿಲ್ಲ, ಪ್ಲಾಸ್ಟಿಕ್ ಕಿಟ್ಟಿಗೆ ಬೇಡ, ಪ್ಲಾಸ್ಟಿಕ್ಕೇ ಕರಗೀತು. ನಮ್ಮ ಕಾರಿನ ಮುಂದಿನ ದೀಪಗಳು ರವಿಕೆಯ ಟಿಚ್ ಬಟನ್. ಬಂಪರು, ಇವರ ಮಾತ್ರೆಯ ಹಾಳೆಯ ಬೆಳ್ಳಿ ತಗಡು. ಗಾಲಿ ಹವಾಯಿ ಚಪ್ಪಲಿಯಿಂದ ಕತ್ತರಿಸಿದ್ದು.

ಈಗ ಅದು ಟಿ.ವಿ. ಪಕ್ಕದಲ್ಲಿದೆ. ಒಂದು ದೀಪ ಸ್ವಲ್ಪ ಸೊಟ್ಟ. ಇವರು ದಿನಾ ಅದನ್ನು ನೋಡಿ ಏನೂ ಹೇಳದೆ ಕನ್ನಡಕ ಒರೆಸಿಕೊಳ್ಳುತ್ತಾರೆ.

ನಿಮ್ಮ ಯಜಮಾನರಿಗೂ ಇಂಥದ್ದೊಂದು ಹುಚ್ಚಿದ್ದರೆ, ಕುಡಿತ-ಇಸ್ಪೀಟಿನದಲ್ಲದಿದ್ದರೆ, ಇರಲಿ ಬಿಡಿ. ಮಗನ ಅಂಗಿಗೆ ಮೊದಲು ದುಡ್ಡು ತೆಗೆದಿಡಿ, ಉಳಿದದ್ದರಲ್ಲಿ ನಡೆಯಲಿ. ಆದರೆ ಅಂಗಳದಲ್ಲಿ ಗಾಡಿ ಇದ್ದು ಅದರ ಬೀಗದ ಕೈ ನಿಮ್ಮ ಕೈಯಲ್ಲಿ ಬರೀ ಕಬ್ಬಿಣವಾಗಿದ್ದರೆ, ನಾಳೆಯೇ ಕಲಿಯಲು ಹೊರಡಿ. ನೋಡಿದವರು ಏನೆನ್ನುತ್ತಾರೆ ಎಂದು ಕೇಳಬೇಡಿ. ನಡುರಾತ್ರಿ ಮಳೆಯಲ್ಲಿ ಅವರು ಯಾರೂ ಎದ್ದಿರುವುದಿಲ್ಲ.