ಕಂಕುಳ ಚೌಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಟ್ಟೆ ಇದ್ದಷ್ಟರಲ್ಲೇ ಅಂಗಿ ಹೊಲಿಯಬಲ್ಲವರು ಮಾತ್ರ ವಿರಳವಾಗುತ್ತಿದ್ದಾರೆ. ಹೊಲಿದ ಷರಟಿನೊಡನೆ ದರ್ಜಿಯು ಮಡಿಸಿ ಹಿಂದಿರುಗಿಸಿದ ತುಂಡುಗಳು ಪೆಟ್ಟಿಗೆಯ ತಳ ಸೇರುತ್ತವೆ. ಕೆಲವು ವರ್ಷಗಳ ಮೇಲೆ ಒಲೆಯ ಬಳಿ ಮಸಿಬಟ್ಟೆಯಾಗಿ ಕೊನೆಗಾಣುತ್ತವೆ.

ಬೆಂಗಳೂರಿನ ಮನೆಯೊಂದರಲ್ಲಿ ಅಂತಹ ಒಂದು ತುಂಡಿನ ವಿಷಯವಾಗಿ ಅತ್ತೆ ಸೊಸೆಯರಲ್ಲಿ ಮಾತು ನಡೆಯಿತು. ಮನೆಯ ಹಿರಿಯರು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಅವರು ಕಡೆಯದಾಗಿ ಹೊಲಿಸಿಕೊಂಡ ಷರಟಿನಲ್ಲಿ ಉಳಿದ, ತಿಳಿನೀಲಿ ಗೀರಿನ ಹತ್ತಿಯ ಬಟ್ಟೆ ಅದು. ನಾಲ್ಕು ವರ್ಷದ ಮಗನಿಗೆ ಅದರಲ್ಲೊಂದು ಜುಬ್ಬ ಹೊಲಿಯಬೇಕೆಂದು ಸೊಸೆಗೆ ಆಸೆ.

“ಅದಕ್ಕೆ ಕತ್ತರಿ ಹಾಕಬೇಡಮ್ಮ. ಹಾಗೇ ಇರಲಿ” ಎಂದರು ಅತ್ತೆ.

“ಪೆಟ್ಟಿಗೆಯಲ್ಲೇ ಇದ್ದರೆ ಹುಳ ತಿನ್ನುತ್ತೆ, ಅತ್ತೆ. ತಾತನ ಬಟ್ಟೆ ಅಂತ ಅವನಾದರೂ ಹಾಕಿಕೊಳ್ಳಲಿ.”

ಅತ್ತೆ ಉತ್ತರ ಕೊಡಲಿಲ್ಲ. ಸೊಸೆಯೂ ಕತ್ತರಿಯನ್ನು ಮುಟ್ಟಲಿಲ್ಲ. ಆಕೆ ಬಟ್ಟೆಯನ್ನು ಒಗೆದು ಒಣಗಿಸಿದಳು. ಹೊಸ ಹತ್ತಿಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಈ ಕೆಲಸ ಹೊಲಿಗೆಗೆ ಮುಂಚೆಯೇ ಆಗಬೇಕು. ಮರುದಿನ ಹಳೆಯ ದಿನಪತ್ರಿಕೆಯಲ್ಲಿ ಅಳತೆಗಳನ್ನು ಕತ್ತರಿಸಿ ಬಟ್ಟೆಯ ಮೇಲೆ ಹರಡಿದಳು. ಮುಂದಕ್ಕೂ ಹಿಂದಕ್ಕೂ 14 ಅಂಗುಲ ಅಗಲ, 19½ ಅಂಗುಲ ಉದ್ದದ ಒಂದೊಂದು ತುಂಡು. ತೋಳಿಗೆ 11 ಅಂಗುಲ ಸುತ್ತು, 8 ಅಂಗುಲ ಉದ್ದದ ಎರಡು ತುಂಡು. ಹೊಲಿಗೆಗೆಂದು ಅರ್ಧ ಅಂಗುಲ, ಅಂಚು ಮಡಿಚಲು ಒಂದು ಅಂಗುಲ ಇದರಲ್ಲೇ ಸೇರಿತ್ತು. ಬಟ್ಟೆಯಾದರೋ 36 ಅಂಗುಲ ಅಗಲ, 20 ಅಂಗುಲ ಉದ್ದ. ಮುಂದೆ ಹಿಂದೆ ಕುಳಿತ ಮೇಲೆ 8 ಅಂಗುಲದ ಪಟ್ಟಿಯೊಂದು ಉಳಿಯಿತು. ಒಂದು ತೋಳಿಗೆ ಸಾಕು, ಎರಡಕ್ಕೆ ಸಾಲದು.

ಬಟ್ಟೆಯಾಚೆ ಇಳಿಬಿದ್ದ ಕಾಗದದ ತೋಳನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಹಿರಿಯರ ಬಿಳಿಯ ಪಂಚೆಯೊಂದನ್ನು ತಂದು ಸೊಸೆಯ ಮುಂದಿಟ್ಟರು. “ಎರಡೂ ತೋಳಿಗೆ ಇದನ್ನು ಹಾಕು. ಒಂದು ನೀಲಿ, ಒಂದು ಬಿಳಿ ಮಾಡಿದರೆ ನೋಡಿದವರು ನಗುತ್ತಾರೆ.”

ಹೊಲಿಗೆ ಯಂತ್ರವಿಲ್ಲದ ಮನೆ. ಸೂಜಿಯನ್ನು ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ, ಎರಡರಷ್ಟು ಮುಂದಕ್ಕೆ ತೆಗೆಯುವ ಗಟ್ಟಿ ಹೊಲಿಗೆಯಲ್ಲಿ ಸೊಸೆ ಭುಜಗಳನ್ನು ಕೂಡಿಸಿದಳು. ತೋಳಿನ ನಡುವನ್ನು ಭುಜದ ಹೊಲಿಗೆಗೆ ಸರಿಯಾಗಿ ಹಿಡಿದು ಜೋಡಿಸಿದಳು. ಕೆಳಗೆ ನಾಲ್ಕು ಅಂಗುಲ ಬಿಟ್ಟು ಪಕ್ಕಗಳನ್ನು ಮುಚ್ಚಿದಳು. ಕೊರಳಿಗೆ ಅಡ್ಡಲಾಗಿ 5 ಅಂಗುಲ ತೆರವು, ಎದೆಯ ಮೇಲೆ 5 ಅಂಗುಲದ ಸೀಳು. ಹುಡುಗ ತೊಟ್ಟುಕೊಂಡು ಅಂಗಳಕ್ಕೆ ಓಡಿದ. ಚೆಂಡು ಹಿಡಿಯಲೆಂದು ಕೈ ಎತ್ತಿದ್ದೇ ತಡ, ಕಂಕುಳಲ್ಲಿ ಹೊಲಿಗೆ ಬಿಟ್ಟಿತು.

ಸೊಸೆಯ ಮುಖ ಬಾಡಿತು. ಅತ್ತೆ ಮಾತ್ರ ನಕ್ಕರು. “ಚೌಕ ಇಟ್ಟಿಲ್ಲವಲ್ಲೇ, ಹರಿಯದೆ ಇನ್ನೇನು?”

ನೇಯ್ದ ಬಟ್ಟೆ ಹಾಸಿನ ನೂಲಿನುದ್ದಕ್ಕೂ ಹೊಕ್ಕಿನ ನೂಲಿನುದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ. ಓರೆಯಾಗಿ ಎಳೆದರೆ ಹಿಗ್ಗುತ್ತದೆ. ತೋಳೂ ಪಕ್ಕವೂ ಸೇರುವ ಮೂಲೆಯಲ್ಲಿ ಮೂರೂವರೆ ಅಂಗುಲದ ಚೌಕವೊಂದನ್ನು ಕೂಡಿಸಿ, ಅದರ ಎರಡು ಬದಿಗಳನ್ನು ತೋಳಿಗೂ ಉಳಿದೆರಡನ್ನು ಮೈಗೂ ಹೊಲಿದರೆ, ಕೈ ಎತ್ತಿದಾಗ ಎಳೆತವು ಚೌಕದ ಮೂಲೆಯಿಂದ ಮೂಲೆಗೆ ಬೀಳುತ್ತದೆ. ಬಟ್ಟೆ ಕೈಯೊಡನೆ ಹಿಗ್ಗುತ್ತದೆ, ಹೊಲಿಗೆ ಉಳಿಯುತ್ತದೆ. ಕೊರಳಿನ ದುಂಡಿಗೆ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಸುಕ್ಕಿಲ್ಲದೆ ಕೂರುವುದಕ್ಕೂ ಇದೇ ಕಾರಣ.

ಈ ಉಪಾಯ ಬಹಳ ಹಳೆಯದು. ಬಟ್ಟೆಯೆಲ್ಲವೂ ಕೈಮಗ್ಗದಲ್ಲಿ ಹುಟ್ಟುತ್ತಿದ್ದ ಕಾಲದಲ್ಲಿ ಅಂಗುಲ ಬಟ್ಟೆಗೂ ಬೆಲೆಯಿತ್ತು. ನಮ್ಮ ದೇಶದ ಹಳೆಯ ಕುರ್ತಾ, 18ನೆಯ ಶತಮಾನದ ಯೂರೋಪಿನ ಷರಟು, ಜಪಾನಿನ ಕಿಮೋನೊ ಎಲ್ಲವೂ ಹೆಚ್ಚಾಗಿ ನೇರ ಗೆರೆಯಲ್ಲಿ ಕತ್ತರಿಸಿದ ತುಂಡುಗಳಿಂದಲೇ ಆದವು; ಬಟ್ಟೆ ವ್ಯರ್ಥವಾಗುತ್ತಿರಲಿಲ್ಲ. ಆ ಕುರ್ತಾಕ್ಕೂ ಷರಟಿಗೂ ಕಂಕುಳಲ್ಲಿ ಇದೇ ಚೌಕ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಭಾರತದಲ್ಲಿ ಹತ್ತಿಬಟ್ಟೆಗೆ ಸರ್ಕಾರದ ನಿಯಂತ್ರಣ ಬಂದಾಗ ಸಂಸಾರ ತೂಗಿಸಿದ ತಾಯಿಯಿಂದ ಅತ್ತೆ ಇದನ್ನು ಕಲಿತಿದ್ದರು. ಕಲಿಸಲು ಮಾತ್ರ ಈವರೆಗೆ ಯಾರೂ ಕೇಳಿರಲಿಲ್ಲ.

ಆ ಸಂಜೆ ಹೊಲಿಗೆ ಬಿಚ್ಚಿದವಳು ಸೊಸೆ. ಉಳಿದ ನೀಲಿ ಪಟ್ಟಿಯಿಂದ ಎರಡು ಚೌಕಗಳನ್ನು ಕತ್ತರಿಸಿದವರು ಅತ್ತೆ. ಕತ್ತರಿ ಹಾಕಬೇಡವೆಂದಿದ್ದ ಕೈ ಅಲುಗಲಿಲ್ಲ. ಮರುದಿನ ಹುಡುಗ ಎರಡೂ ಕೈ ಎತ್ತಿ ಸೀಬೆಯ ಕೊಂಬೆಗೆ ಜೋತುಬಿದ್ದ. ಜುಬ್ಬಕ್ಕೆ ಮಣ್ಣಾಯಿತು, ಹೊಲಿಗೆ ಬಿಡಲಿಲ್ಲ.

ಅಂಗೈಯಗಲದ ತುಂಡೊಂದು ಇನ್ನೂ ಉಳಿದಿತ್ತು. ಅತ್ತೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು.

“ಇದು ಯಾತಕ್ಕೆ ಅತ್ತೆ?” ಎಂದಳು ಸೊಸೆ.

“ತೇಪೆಗೆ. ನಿನ್ನ ಮಗ ಸುಮ್ಮನಿರುತ್ತಾನೆಯೆ?”