ಕೂಡ್ಲಿಗೆ ಸುಮ್ನೆ ಒಂದ್ಸಲ ಹೋಗಿ ಬನ್ನಿ

ನಮ್ಮ ಕಡೆ ಯಾರಾದ್ರೂ "ನಾಳೆ ಕೂಡ್ಲಿಗೆ ಹೋಗ್ತಿದೀವಿ" ಅಂದ್ರೆ ಸಾಕು, ಕೇಳಿದವರ ಮುಖ ಸಪ್ಪಗಾಗುತ್ತೆ. "ಅಯ್ಯೋ, ಯಾರು ಹೋಗ್ಬಿಟ್ರು?" ಅನ್ನೋದೇ ಮೊದಲ ಪ್ರಶ್ನೆ. ಶಿವಮೊಗ್ಗದವರಿಗೂ ಭದ್ರಾವತಿಯವರಿಗೂ ಕೂಡ್ಲಿ ಅಂದ್ರೆ ಅಸ್ಥಿ ಬಿಡೋ ಜಾಗ, ತಿಥಿ ಮಾಡೋ ಜಾಗ, ಅಷ್ಟೆ. ಅದೂ ಗಂಡಸರು ಹೋಗಿ ಬರೋ ಜಾಗ. ಹೆಂಗಸರ ಕೆಲಸ ಏನಿದ್ರೂ ಮನೇಲಿ, ಅವರು ಬರೋಷ್ಟೊತ್ತಿಗೆ ಬಚ್ಚಲಲ್ಲಿ ನೀರು ಕಾಯಿಸಿಟ್ಟು ಅಡುಗೆಗೆ ಇಡೋದು. ಹಾಗಾಗಿ ನಮ್ಮ ನೆಂಟರಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಎಷ್ಟೋ ಜನ ಹೆಂಗಸರು ಕಾಶಿ ನೋಡಿದ್ದಾರೆ, ರಾಮೇಶ್ವರ ನೋಡಿದ್ದಾರೆ, ಮಗನ ಮನೆ ನೆಪದಲ್ಲಿ ಅಮೆರಿಕಾನೂ ನೋಡಿ ಬಂದಿದ್ದಾರೆ. ಶಿವಮೊಗ್ಗದಿಂದ ಬರೀ 16 ಕಿಲೋಮೀಟರ್ ಇರೋ ಕೂಡ್ಲಿ ಮಾತ್ರ ನೋಡಿಲ್ಲ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾರೂ ಸಾಯದೇ ಇದ್ದಾಗ, ಮನೇಲಿ ಎಲ್ಲರೂ ಚೆನ್ನಾಗಿದ್ದಾಗ, ಸುಮ್ನೆ ಊರು ನೋಡೋಕೆ ಅಂತಲೇ ಕೂಡ್ಲಿಗೆ ಹೋಗ್ಬೇಕು.

ಇದು ತಲೇಲಿ ಕೊರೆಯೋಕೆ ಶುರುವಾಗಿದ್ದು ಇಂಗ್ಲೆಂಡಿನಲ್ಲಿರೋ ನಮ್ಮ ಸಂಬಂಧಿಕರ ಹುಡುಗಿ ಒಬ್ಬಳು ಬಿಬರಿ ಅನ್ನೋ ಹಳ್ಳಿ ಫೋಟೋ ಕಳಿಸಿದ ಮೇಲೆ. ಒಂದು ಚಿಕ್ಕ ಹೊಳೆ, ಅದರ ಪಕ್ಕ ಸಾಲಾಗಿ ಕಲ್ಲಿನ ಪುಟ್ಟ ಪುಟ್ಟ ಮನೆಗಳು. ಹದಿನಾಲ್ಕನೇ ಶತಮಾನದಲ್ಲಿ ಕುರಿ ಉಣ್ಣೆ ಇಡೋಕೆ ಕಟ್ಟಿದ್ದ ಉಗ್ರಾಣವಂತೆ ಅದು. ಆಮೇಲೆ ಹದಿನೇಳನೇ ಶತಮಾನದಲ್ಲಿ ನೇಕಾರರ ಮನೆ ಆಯ್ತು. ಅದನ್ನ ನೋಡೋಕೆ ಪ್ರಪಂಚದ ಮೂಲೆಮೂಲೆಯಿಂದ ಬಸ್ಸು ಬಸ್ಸು ಜನ ಬರ್ತಾರೆ. ಅಲ್ಲಿ ರಾಜನೂ ಇಲ್ಲ, ಅರಮನೆಯೂ ಇಲ್ಲ, ಉಣ್ಣೆ ಇಟ್ಟಿದ್ದ ಮನೆ ಅಷ್ಟೆ. ಆದ್ರೂ ಅದು ನಮ್ಮದು, ಹಳೇದು, ನೋಡೋ ಹಾಗಿದೆ ಅಂತ ಆ ಜನಕ್ಕೆ ಗೊತ್ತು. ನಮ್ಮಲ್ಲಿ ಹೊಯ್ಸಳರ ಕಾಲದ ಗುಡಿ, ಎರಡು ನದಿ ಸೇರೋ ಜಾಗ, ಎರಡು ಹಳೇ ಮಠ, ಇಷ್ಟೂ ಒಂದೇ ಹಳ್ಳಿಯಲ್ಲಿದೆ. ನಾವು ಅದನ್ನ ಬರೀ ಸೂತಕದ ಲೆಕ್ಕಕ್ಕೆ ಬರೆದು ಇಟ್ಟಿದೀವಿ.

ಮೊದಲು ನದಿ ವಿಷಯ ಹೇಳ್ತೀನಿ. ತುಂಗೆ, ಭದ್ರೆ ಎರಡೂ ಹುಟ್ಟೋದು ಒಂದೇ ಕಡೆ, ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಒಂದೇ ತವರಿನ ಅಕ್ಕತಂಗೀರನ್ನ ಬೇರೆ ಬೇರೆ ಊರಿಗೆ ಕೊಟ್ಟ ಹಾಗೆ, ತುಂಗೆ ಶೃಂಗೇರಿ, ತೀರ್ಥಹಳ್ಳಿ ಹಾದು ಗಾಜನೂರಿಗೆ ಬಂದು ಶಿವಮೊಗ್ಗಕ್ಕೆ ಬರ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ಸುತ್ತಿ ಲಕ್ಕವಳ್ಳಿ ಅಣೆಕಟ್ಟಲ್ಲಿ ನಿಂತು ಭದ್ರಾವತಿಗೆ ಬರ್ತಾಳೆ. ಇಬ್ಬರೂ ಮತ್ತೆ ಸೇರೋದು ಕೂಡ್ಲಿಯಲ್ಲಿ. ಊರಿಗೆ ಹೆಸರು ಬಂದಿದ್ದೇ ಹಾಗೆ, ಕೂಡೋ ಜಾಗ ಕೂಡಲಿ, ನಮ್ಮ ಬಾಯಲ್ಲಿ ಕೂಡ್ಲಿ. ಅಲ್ಲಿಂದ ಮುಂದೆ ತುಂಗಭದ್ರೆ ಅನ್ನೋ ಒಂದೇ ಹೆಸರಲ್ಲಿ ಹೊನ್ನಾಳಿ, ಹರಿಹರ, ಹಂಪಿ, ಮಂತ್ರಾಲಯ ಎಲ್ಲ ನೋಡ್ಕೊಂಡು 531 ಕಿಲೋಮೀಟರ್ ಹರಿದು ಕೃಷ್ಣೆಗೆ ಸೇರ್ತಾಳೆ.

ಮಳೆಗಾಲದ ಶುರುವಲ್ಲಿ ಇದನ್ನ ನೋಡ್ಬೇಕು. ಗಾಜನೂರಿನದು ಚಿಕ್ಕ ಅಣೆಕಟ್ಟು, ಬೇಗ ತುಂಬಿ ಬಾಗಿಲು ತೆಗೀತಾರೆ. ನಮ್ಮ ಕೋರ್ಪಲಯ್ಯನ ಛತ್ರದ ಹತ್ರ ಮಂಟಪ ಮುಳುಗಿತಾ ಅಂತ ಶಿವಮೊಗ್ಗದವರೆಲ್ಲ ಓಡಿಹೋಗಿ ನೋಡೋದು ಆವಾಗಲೇ. ಲಕ್ಕವಳ್ಳಿಯದು 186 ಅಡಿ ದೊಡ್ಡ ಅಣೆಕಟ್ಟು, ತುಂಬೋಕೆ ಟೈಮ್ ಬೇಕು. ಅದಕ್ಕೇ ಕೂಡ್ಲಿಯಲ್ಲಿ ನಿಂತ್ರೆ ಒಂದು ಕಡೆಯಿಂದ ಕೆಂಪು ನೀರು ಅಬ್ಬರಿಸ್ಕೊಂಡು ಬರ್ತಿರುತ್ತೆ, ಇನ್ನೊಂದು ಕಡೆ ನೀರು ತಣ್ಣಗೆ ಬರ್ತಿರುತ್ತೆ. ಸೇರಿದ ಮೇಲೂ ಸ್ವಲ್ಪ ದೂರ ಎರಡು ಬಣ್ಣ ಬೇರೆ ಬೇರೆ ಕಾಣುತ್ತೆ. ಸಂಗಮದ ತುದೀಲಿ ಒಂದು ಪುಟ್ಟ ನಂದಿ ಗುಡಿ ಇದೆ. ಅಲ್ಲಿ ಕೂತು ನೋಡೋಕೆ ಟಿಕೆಟ್ ಇಲ್ಲ, ಗಲಾಟೆ ಇಲ್ಲ. ನೀರು ಜಾಸ್ತಿ ಇದ್ದಾಗ ಮಾತ್ರ ಮೆಟ್ಟಿಲು ಇಳೀಬೇಡಿ, ಮಕ್ಕಳನ್ನ ಕೈ ಬಿಡಬೇಡಿ. ಎರಡು ನದಿ ಸೇರೋ ಕಡೆ ನೀರಿನ ಸೆಳೆತ ಮೇಲಿಂದ ಕಾಣಲ್ಲ.

ಇನ್ನು ಗುಡಿ. ರಾಮೇಶ್ವರ ದೇವಸ್ಥಾನ ಹನ್ನೆರಡನೇ ಶತಮಾನದ್ದು, ಹೊಯ್ಸಳರ ಕಾಲದ್ದು. ಬೇಲೂರು ಹಳೇಬೀಡು ಥರ ಮೈತುಂಬ ಕೆತ್ತನೆ ಇಲ್ಲ, ಒಂದೇ ಗರ್ಭಗುಡಿಯ ಸರಳ ಗುಡಿ. ತಲೆ ಎತ್ತಿ ಶಿಖರದ ಮುಂಭಾಗ ನೋಡಿ, ಸಿಂಹದ ಜೊತೆ ಹೊಡೆದಾಡ್ತಿರೋ ಸಳ ಇದ್ದಾನೆ, ಹೊಯ್ಸಳರ ಗುರುತು. ಇಂಥ ಗುಡಿಗಳಿಗೆ ಬಳಸಿರೋದು ಬಳಪದ ಕಲ್ಲು. ಅಂದ್ರೆ ನಮ್ಮಜ್ಜಿ ಕಾಲದಲ್ಲಿ ಉಪ್ಪಿನಕಾಯಿ, ಗೊಜ್ಜು ಹಾಕಿಡ್ತಿದ್ರಲ್ಲ ಕಲ್ಲಿನ ಮರಿಗೆ, ಅದೇ ಜಾತಿ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗಿರುತ್ತೆ, ಕೆತ್ತೋಕೆ ಸುಲಭ. ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತೆ. ಭದ್ರಾವತಿಯವರಿಗೆ ಇದನ್ನ ಹೋಲಿಸೋಕೆ ಮನೆ ಹತ್ರವೇ ಇನ್ನೊಂದು ಇದೆ, ಹಳೇನಗರದ ಲಕ್ಷ್ಮೀನರಸಿಂಹ ಸ್ವಾಮಿ ದೇವಸ್ಥಾನ. ಅದೂ ಹೊಯ್ಸಳರದ್ದೇ, ಆದ್ರೆ ಮೂರು ಗರ್ಭಗುಡಿ. ದಿನಾ ಪ್ರದಕ್ಷಿಣೆ ಹಾಕೋರು ಒಂದ್ಸಲ ನಿಧಾನಕ್ಕೆ ಹೊರಗೋಡೆ ನೋಡ್ಕೊಂಡು ಬಂದು, ಆಮೇಲೆ ಕೂಡ್ಲಿಯದನ್ನ ನೋಡಿ. ಒಂದೇ ಮನೆತನದವರು ಒಂದು ಕಡೆ ಜರಿ ಸೀರೆ, ಇನ್ನೊಂದು ಕಡೆ ಹತ್ತಿ ಸೀರೆ ಉಟ್ಟ ಹಾಗೆ ಕಾಣುತ್ತೆ. ನನಗಂತೂ ಹತ್ತಿ ಸೀರೆಯೇ ಇಷ್ಟ.

ಸಂಗಮೇಶ್ವರನ ಗುಡಿ, ನರಸಿಂಹನ ಗುಡಿಯೂ ಅಲ್ಲೇ ಇವೆ. ಶಂಕರಾಚಾರ್ಯರ ಪರಂಪರೆಯ ಮಠ, ಮಾಧ್ವರ ಅಕ್ಷೋಭ್ಯತೀರ್ಥರ ಮಠ ಎರಡೂ ಆ ಒಂದೇ ಸಣ್ಣ ಊರಲ್ಲಿವೆ. ದಕ್ಷಿಣದ ಕಾಶಿ ಅಂತ ಸುಮ್ನೆ ಕರೀತಾರಾ?

"ಕೂಡ್ಲಿಗೆಲ್ಲ ಸುಮ್ಮನೆ ಹೋಗಬಾರದು ಕಣೇ, ಒಳ್ಳೇದಲ್ಲ" ಅಂತ ಹಿರಿಯರು ಅಂತಾರೆ. ಕಾಶಿಯಲ್ಲೂ ಹಗಲೂ ರಾತ್ರಿ ಹೆಣ ಸುಡ್ತಾರೆ. ಅಲ್ಲಿಗೆ ಹೋಗೋಕೆ ವರ್ಷಗಟ್ಟಲೆ ದುಡ್ಡು ಕೂಡಿಡ್ತೀವಿ, ಬಂದ ಮೇಲೆ ಗಂಗಾಪೂಜೆ ಮಾಡಿ ಊಟ ಹಾಕಿಸ್ತೀವಿ. ಅಲ್ಲಿ ಪುಣ್ಯ ಆಗಿದ್ದು ಇಲ್ಲಿ ಅಪಶಕುನ ಹೇಗಾಗುತ್ತೆ? ನಮ್ಮ ಅಮ್ಮ, ಅಜ್ಜಿ ಎಲ್ಲರ ಬೂದಿ ಹೋಗಿ ಸೇರಿದ್ದು ಆ ನೀರಿಗೇ. ಅವರು ಕಡೇಲಿ ಹೋದ ಜಾಗ ಎಂಥದು ಅಂತ ಹೆಣ್ಣುಮಕ್ಕಳು ಒಂದ್ಸಲ ನೋಡಿ, ಒಂದು ಹೂ ಬಿಟ್ಟು ಬಂದ್ರೆ ಅದರಲ್ಲಿ ಕೆಟ್ಟದ್ದು ಏನಿದೆ? ಬದುಕಿದ್ದಾಗ ಅವರನ್ನ ನೋಡ್ಕೊಂಡಿದ್ದು ನಾವೇ ಅಲ್ವಾ?

ಇನ್ನು ಕೆಲವರು ಅಂತಾರೆ, "ಜನ ಜಾಸ್ತಿ ಹೋದ್ರೆ ಊರು ಹಾಳಾಗುತ್ತೆ, ಬಿಟ್ಟುಬಿಡಿ" ಅಂತ. ಈ ಮಾತು ಮಾತ್ರ ತೆಗೆದು ಹಾಕೋ ಹಾಗಿಲ್ಲ. ಬಿಬರಿಯವರಿಗೂ ಈಗ ಅದೇ ತಲೆನೋವಂತೆ, ಮನೆ ಮುಂದೆ ಬಸ್ಸು, ಕಿಟಕಿಗೆ ಕ್ಯಾಮೆರಾ. ನಮ್ಮ ಮತ್ತೂರಲ್ಲಿ ನೋಡಿಲ್ವಾ? ಸಂಸ್ಕೃತ ಮಾತಾಡೋ ಊರು ಅಂತ ಕಾರಲ್ಲಿ ಬರ್ತಾರೆ, ಜಗುಲಿ ಮೇಲೆ ಅಕ್ಕಿ ಆರಿಸ್ತಾ ಕೂತ ಹೆಂಗಸಿನ ಮುಂದೆ ಮೊಬೈಲ್ ಹಿಡಿದು "ಎಲ್ಲಿ, ಸ್ವಲ್ಪ ಸಂಸ್ಕೃತ ಮಾತಾಡಿ" ಅಂತಾರೆ. ನಮ್ಮ ಅಡುಗೆಮನೆ ಬಾಗಿಲಿಗೆ ಬಂದು ಯಾರಾದ್ರೂ ಹಾಗೆ ಕೇಳಿದ್ರೆ ಸುಮ್ನಿರ್ತೀವಾ? ಹಾಗಾಗಿ ಊರು ನೋಡೋದು ಅಂದ್ರೆ ನೆಂಟರ ಮನೆಗೆ ಹೋದ ಹಾಗೆ ಇರ್ಬೇಕು. ಜೋರಾಗಿ ಹಾಡು ಹಾಕಬಾರದು, ಕೇಳದೆ ಫೋಟೋ ತೆಗೀಬಾರದು. ಯಾರಾದ್ರೂ ಅಪರಕರ್ಮ ಮಾಡ್ತಿದ್ರೆ ಆ ಕಡೆ ಹೋಗದೆ ದೂರ ಇರ್ಬೇಕು. ಅವರಿಗೆ ಅದು ದುಃಖದ ದಿನ.

ಆದ್ರೆ ಊರು ಹಾಳಾಗ್ತಿರೋದು ನೋಡೋಕೆ ಹೋದವರಿಂದ ಮಾತ್ರ ಅಲ್ಲ. ಹೋಗದೇ ಇರೋ ನಮ್ಮಿಂದಲೂ ಹೌದು. ಈ ಮಾತು ಸ್ವಲ್ಪ ಕಹಿ, ಆದ್ರೂ ಹೇಳ್ತೀನಿ. ನಾವು ಕೂಡ್ಲಿಗೆ ಹೋಗದಿದ್ರೂ ನಮ್ಮ ಮನೆ ನೀರು ದಿನಾ ಹೋಗ್ತಿದೆ. ಶಿವಮೊಗ್ಗದ ಚರಂಡಿಗೆ, ರಾಜಕಾಲುವೆಗೆ ಬಿದ್ದಿದ್ದು ಕಡೆಗೆ ತುಂಗೆಗೆ. ಭದ್ರಾವತಿಯದು ಭದ್ರೆಗೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯಾಗಲಿ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯಾಗಲಿ ಭದ್ರೆ ನೀರು ನಂಬ್ಕೊಂಡೇ ಬಂದಿದ್ದು. ಎಷ್ಟೋ ವರ್ಷ ನದಿ ಕೆಟ್ಟಿದ್ದಕ್ಕೆಲ್ಲ ಕಾರ್ಖಾನೆ ಕಡೆ ಬೆರಳು ತೋರಿಸಿದ್ವಿ. ಈಗ ಕಾಗದದ ಕಾರ್ಖಾನೆ ನಿಂತು ವರ್ಷಗಳಾಯ್ತು, ನಮ್ಮ ಬಚ್ಚಲು ಮಾತ್ರ ಒಂದು ದಿನವೂ ನಿಂತಿಲ್ಲ. ತುಂಗಾ ಪಾನ, ಗಂಗಾ ಸ್ನಾನ ಅಂತ ಗಾದೆ ಹೇಳ್ತೀವಿ. ಆ ತುಂಗೆ ಶಿವಮೊಗ್ಗ ದಾಟೋ ಮುಂಚೆ ಒಂದು ಲೋಟ ಕುಡೀಬಹುದೇನೋ, ದಾಟಿದ ಮೇಲೆ ಯಾರಾದ್ರೂ ಹಾಗೇ ಕುಡೀತಾರಾ? ಕೂಡ್ಲಿಯವರು, ಹೊನ್ನಾಳಿಯವರು, ಹರಿಹರದವರು ನಮ್ಮ ಕೆಳಗಿದ್ದಾರೆ. ಮೇಲಿನ ಮನೆಯವರು ಚೆಲ್ಲಿದ ನೀರು ನಮ್ಮ ಅಂಗಳಕ್ಕೆ ಬಂದ್ರೆ ನಾವು ಎಷ್ಟು ಜಗಳ ಆಡ್ತೀವಿ, ಸ್ವಲ್ಪ ನೆನಪು ಮಾಡ್ಕೊಳ್ಳಿ.

ಒಳಚರಂಡಿ ಸರಿ ಮಾಡೋದು ಸರ್ಕಾರದ ಕೆಲಸ, ಅದನ್ನ ನಾವು ಒಟ್ಟಾಗಿ ಕೇಳ್ಬೇಕು, ಓಟು ಕೇಳೋಕೆ ಬಂದವರನ್ನೂ ಕೇಳ್ಬೇಕು. ಆದ್ರೆ ನಮ್ಮ ಕೈಯಲ್ಲೇ ಇರೋದು ಒಂದಿಷ್ಟಿದೆ. ಸಂಗಮದಲ್ಲಿ ಸ್ನಾನ ಮಾಡಿ ಉಟ್ಟ ಬಟ್ಟೆ ನೀರಿಗೆ ಬಿಡೋ ಅಭ್ಯಾಸ ಇದೆಯಲ್ಲ, ಅದನ್ನ ನಿಲ್ಲಿಸೋದು ಹೆಂಗಸರ ಕೈಲಾಗುತ್ತೆ. ಮನೆಯಿಂದ ಹೊರಡುವಾಗ ಬ್ಯಾಗು ತುಂಬಿ ಕೊಡೋರು ನಾವೇ ತಾನೆ? ಹಿಂದೆ ಬಿಡ್ತಿದ್ದಿದ್ದು ಹತ್ತಿ ಬಟ್ಟೆ, ಕೊಳೆತು ಹೋಗ್ತಿತ್ತು. ಈಗಿನ ಪಾಲಿಸ್ಟರ್ ಸೀರೆ ಕೊಳೆಯಲ್ಲ, ಕಲ್ಲಿಗೆ ಸುತ್ಕೊಂಡು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ. ಒಗೆದು ಯಾರಿಗಾದ್ರೂ ಕೊಟ್ರೆ ಅದು ದಾನ. ನೀರಿಗೆ ಎಸೆದ್ರೆ ಕಸ. ಹೂವನ್ನ ಪ್ಲಾಸ್ಟಿಕ್ ಕವರ್ ಸಮೇತ ಬಿಡೋದು, ಗಾಜು ಒಡೆದ ದೇವರ ಪಟ ತಂದು ಹಾಕೋದು, ಇವೆಲ್ಲ ಯಾವ ಶಾಸ್ತ್ರದಲ್ಲೂ ಇಲ್ಲ. ಬಾಗಿನ ಬಿಡೋದಾದ್ರೆ ಮೊರ ಬಿದಿರಿನದ್ದಿರಲಿ, ಒಳಗೆ ಪ್ಲಾಸ್ಟಿಕ್ ಬಳೆ, ಕನ್ನಡಿ ಬೇಡ.

ನೀವು ಒಂದ್ಸಲ ಹೋಗಿ ಆ ಮೆಟ್ಟಿಲ ಮೇಲೆ ಕೂತು ನೋಡಿದ್ರೆ ಇದನ್ನೆಲ್ಲ ನಾನು ಹೇಳೋದೇ ಬೇಡ. ಕಣ್ಣಿಗೆ ಕಾಣದ ಊರಿನ ಮೇಲೆ ಮನಸ್ಸು ನಿಲ್ಲಲ್ಲ. ನಾನು ಹೋಗಿ ಬನ್ನಿ ಅಂತ ಇಷ್ಟು ಹೇಳ್ತಿರೋದು ಅದಕ್ಕೇ.

ಹೇಗೆ ಹೋಗೋದು ಅಂತೀರಾ? ಶಿವಮೊಗ್ಗದಿಂದ ಹೊಳೆಹೊನ್ನೂರು ಕಡೆ ರಸ್ತೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದ್ರೆ ನಮ್ಮ ಜಿಲ್ಲೇಲಿ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಉಚಿತ ನಡೆಯಲ್ಲ. ಅದಕ್ಕೇ ನಾಲ್ಕೈದು ಜನ ಸೇರಿ ಒಂದು ಆಟೋನೋ ಕಾರೋ ಮಾಡ್ಕೊಂಡ್ರೆ ಅನುಕೂಲ. ಅಮಾವಾಸ್ಯೆ, ಪಿತೃಪಕ್ಷ ಬಿಟ್ಟು ಬೇರೆ ದಿನ ನೋಡಿ, ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಗುಡಿ ಬಾಗಿಲು ಹಾಕಿರಬಹುದು.

ಇನ್ನೊಂದು ಮಾತು, ಇದು ಮುಖ್ಯ. ಆ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹತ್ತು ಜನಕ್ಕೆ ಚಿತ್ರಾನ್ನ, ಮೊಸರನ್ನ, ಚಪಾತಿ ಮಾಡಿ ಡಬ್ಬಿ ಹೊರಬೇಡಿ. ನಮ್ಮ ಎಲ್ಲ ಪ್ರವಾಸವೂ ಹೀಗೇ ಆಗೋದು. ಗಂಡಸರು, ಮಕ್ಕಳು ಊರು ನೋಡ್ತಾರೆ, ನಾವು ಡಬ್ಬಿ ಕಾಯ್ತಾ ಮರದ ಕೆಳಗೆ ಕೂತಿರ್ತೀವಿ. ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು, ನಾಲ್ಕು ಕೋಡುಬಳೆ ಸಾಕು. ಮನೆಯವರು ಒಂದು ಮಧ್ಯಾಹ್ನ ಅನ್ನ ಅವರೇ ಮಾಡ್ಕೊಳ್ಳಲಿ, ಕುಕ್ಕರ್ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿದೆ.

ಭದ್ರಾವತಿಯಲ್ಲಿರೋ ಅಕ್ಕತಂಗೀರು ಆ ಕಡೆಯಿಂದ ಬನ್ನಿ, ಶಿವಮೊಗ್ಗದವರು ಈ ಕಡೆಯಿಂದ ಬರ್ತೀವಿ. ಯಾವ ವಾರ ಆಗುತ್ತೆ ಅಂತ ನಿಮ್ಮ ನಿಮ್ಮಲ್ಲಿ ಮಾತಾಡಿ ಹೇಳಿ. ಬರೋವಾಗ ಒಂದು ಖಾಲಿ ಚೀಲ ತನ್ನಿ, ನಮ್ಮ ಕಸ ನಾವೇ ವಾಪಸ್ ತರೋಕೆ.