ಮಳೆಯ ಮರುದಿನ ಗುದ್ದಲಿ ಹಿಡಿಯುವವರು ಯಾರು?

ಬಳ್ಳಾರಿ ಸೀಮೆಯೆಂದರೆ ಎರೆಭೂಮಿಯ ಬಯಲು ಎಂದೇ ಹೊರಗಿನವರು ತಿಳಿದಿದ್ದಾರೆ. ಆದರೆ ಬಳ್ಳಾರಿ ನಗರವೇ ಒಂದು ಬೃಹತ್ ಬಂಡೆಗುಡ್ಡದ ಬುಡದಲ್ಲಿ ಬೆಳೆದ ಊರು. ಕುರುಗೋಡಿಗೆ ತನ್ನದೇ ಆದ ಕೋಟೆಗುಡ್ಡಗಳಿವೆ. ಭತ್ತದ ನಾಡಾದ ಸಿರುಗುಪ್ಪ ತಾಲ್ಲೂಕಿನಲ್ಲಿಯೂ ತೆಕ್ಕಲಕೋಟೆಯ ಕಲ್ಲುಗುಡ್ಡಗಳು ತಲೆಯೆತ್ತಿ ನಿಂತಿವೆ. ಈ ಗುಡ್ಡಗಳ ಮೇಲೆಲ್ಲ ಕುರಿಯ ಹಾದಿ, ಸೌದೆಯ ಹಾದಿ, ಗುಡಿಯ ಹಾದಿಗಳು ಯಾರ ನಕ್ಷೆಯೂ ಇಲ್ಲದೆ ತಲೆಮಾರುಗಳಿಂದ ಉಳಿದುಬಂದಿವೆ.

ಈಗ ಹೊಸ ಬಗೆಯ ಪಯಣಿಗನೊಬ್ಬ ಈ ಹಾದಿಗಳತ್ತ ನೋಡುತ್ತಿದ್ದಾನೆ. ಗೇರು, ದಪ್ಪ ಟೈರುಗಳುಳ್ಳ ಮೌಂಟನ್ ಬೈಕು ಇಂದು ಜಿಲ್ಲಾ ಕೇಂದ್ರಗಳ ಸೈಕಲ್ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಅದನ್ನು ಕೊಂಡ ತರುಣರ ಮನಸ್ಸು ಗುಡ್ಡದತ್ತ ಹೊರಳುವುದು ಸಹಜವೇ. ಹೊಗೆಯಿಲ್ಲದ, ಸದ್ದಿಲ್ಲದ ಈ ವಾಹನವನ್ನು ಪರಿಸರಪ್ರಿಯರಾದ ನಾವು ದ್ವೇಷಿಸಬೇಕಾದ ಕಾರಣವೂ ಇಲ್ಲ. ಸವಾರರೇ ಸ್ವಯಂಸೇವಕರಾಗಿ ಕೂಡಿ ಹಾದಿ ಮಾಡಿಕೊಳ್ಳುವ ಪದ್ಧತಿ ಹೊರದೇಶಗಳಲ್ಲಿ ಬೇರೂರಿದೆ; ನಾಳೆ ಅದು ನಮ್ಮ ಗುಡ್ಡಗಳಿಗೂ ಬಂದೀತು. ಹಾದಿ ಕಡಿಯುವುದು ಒಂದು ಭಾನುವಾರದ ಉತ್ಸಾಹದ ಕೆಲಸ. ಆದರೆ ಮೊದಲ ದೊಡ್ಡ ಮಳೆಯ ಮರುದಿನ ಅದೇ ಹಾದಿಗೆ ಗುದ್ದಲಿ ಹಿಡಿದು ಬರುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆಯದೆ ಒಂದು ಮಾರು ಹಾದಿಯನ್ನೂ ಕಡಿಯಬಾರದೆಂಬುದು ನಮ್ಮ ನಿಲುವು.

ಈ ಸೈಕಲ್ಲಿನ ತವರೂರಿನ ಕಥೆ ಇಲ್ಲಿ ಪ್ರಸ್ತುತ. ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯ ಗುಡ್ಡಗಳಲ್ಲಿ 1976ರಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳ ಮೇಲೆ ಇಳಿಜಾರಿನ ಪಂದ್ಯ ಆರಂಭಿಸಿದರು. ಒಂದು ಇಳಿತಕ್ಕೇ ಬ್ರೇಕಿನ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ 'ರಿಪ್ಯಾಕ್' ಎಂದೇ ಹೆಸರಾಯಿತು. ಸವಾರರು ಹೆಚ್ಚಿದಂತೆ ನಡೆಯುವವರೊಡನೆಯೂ ಕುದುರೆ ಸವಾರರೊಡನೆಯೂ ಜಗಳ ಹೆಚ್ಚಿತು. ಮಣ್ಣು ಸವೆಯುತ್ತಿದೆಯೆಂಬ ದೂರುಗಳು ಬಂದವು. 1980ರ ದಶಕದಲ್ಲಿ ಅಲ್ಲಿನ ಅನೇಕ ಕಿರುಹಾದಿಗಳು ಸೈಕಲ್ಲಿಗೆ ಮುಚ್ಚಲ್ಪಟ್ಟವು. ಆಗಲೇ ಸವಾರರಿಗೆ ಹಾದಿ ಕಾಯುವ ಹೊಣೆಯ ಅರಿವು ಬಲವಾದದ್ದು. ಅಲ್ಲಿನ ಸಂಘಗಳು ಕೂಡಿ 1988ರಲ್ಲಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘವನ್ನು ಕಟ್ಟಿದವು. ಮರುವರ್ಷ ಕೆನಡಾದ ವಿಸ್ಲರಿನಲ್ಲಿಯೂ ಅಂಥದೇ ಸಂಘ ಹುಟ್ಟಿತು. ಅದರ ಸದಸ್ಯರು ಇಂದಿಗೂ ಹಾದಿಗಳ ದುರಸ್ತಿಗೆ ದುಡಿಯುತ್ತಾರೆ. ಜಗಳವಾದ ಮೇಲೆ ಅವರು ಕಲಿತದ್ದನ್ನು ನಾವು ಜಗಳಕ್ಕೆ ಮೊದಲೇ ಕಲಿಯಬಹುದು.

ಅವರು ಕಲಿತ ವಿದ್ಯೆ ನಮ್ಮ ರೈತರಿಗೆ ಹೊಸದೇನಲ್ಲ. ಬಳ್ಳಾರಿಯಲ್ಲಿ 1954ರಿಂದ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಬರಡು ಸೀಮೆಯಲ್ಲಿ ಇಂಥ ಕೇಂದ್ರವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಅದರ ದೊಡ್ಡ ಪಾಲು ಕೆಲವೇ ದಿನಗಳಲ್ಲಿ, ಕೆಲವೇ ಗಂಟೆಗಳಲ್ಲಿ ಸುರಿದುಬಿಡುತ್ತದೆ. ಹಾಗೆ ಸುರಿದ ನೀರು ಇಳಿಜಾರಿನಲ್ಲಿ ವೇಗ ಪಡೆದರೆ ನೂರಾರು ವರ್ಷಗಳಲ್ಲಿ ಕೂಡಿದ ಮೇಲ್ಮಣ್ಣು ಒಂದೇ ಸಂಜೆಯಲ್ಲಿ ಕೊಚ್ಚಿಹೋಗುತ್ತದೆ. ಹೊಲಕ್ಕೆ ಸಮಪಾತಳಿ ಬದು ಹಾಕುವುದು ಈ ಕಾರಣಕ್ಕಾಗಿಯೇ.

ಗುಡ್ಡದ ಹಾದಿಗೂ ಇದೇ ನಿಯಮ. ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿಯುವ ಹಾದಿ ಮೊದಲ ಮಳೆಗೆ ಕಾಲುವೆಯಾಗುತ್ತದೆ, ಮೂರನೆಯ ಮಳೆಗೆ ಕೊರಕಲಾಗುತ್ತದೆ. ಟೈರಿನ ಗೆರೆಯೇ ನೀರಿಗೆ ದಾರಿ ತೋರಿಸುತ್ತದೆ. ಆದುದರಿಂದ ಹಾದಿ ಗುಡ್ಡದ ಮೈಯನ್ನು ಬಳಸಿಕೊಂಡು ಅಡ್ಡವಾಗಿ ಸಾಗಬೇಕು. ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಒಟ್ಟಾರೆ ಸರಾಸರಿ ನೂರು ಅಡಿಗೆ ಹತ್ತು ಅಡಿಯೊಳಗಿದ್ದರೆ ಲೇಸು. ಹಾದಿಯ ಹೊರ ಅಂಚು ತುಸು ತಗ್ಗಾಗಿದ್ದರೆ ನೀರು ಹಾದಿಯುದ್ದಕ್ಕೂ ಹರಿಯದೆ ಅಡ್ಡಲಾಗಿ ದಾಟಿಹೋಗುತ್ತದೆ. ಅಲ್ಲಲ್ಲಿ ಸಣ್ಣ ತಗ್ಗು, ಅದರ ಮುಂದೆ ಸಣ್ಣ ಏರು ಇರಬೇಕು. ಕೆರೆಗೆ ಕೋಡಿ ಇದ್ದಂತೆ ಇದು. ಜಲಾನಯನ ಕಾಮಗಾರಿಯಲ್ಲಿ ಸಮಪಾತಳಿ ಗುರುತಿಸಲು ಬಳಸುವ ಮೂರು ಕೋಲಿನ ಚೌಕಟ್ಟು ಇಲ್ಲಿಗೂ ಸಾಕು.

ಇಷ್ಟೆಲ್ಲ ಮಾಡಿದರೂ ಕೆಲಸ ಮುಗಿಯದು. ತಗ್ಗುಗಳಲ್ಲಿ ಹೂಳು ತುಂಬುತ್ತದೆ. ಸವಾರಿಯಿಂದ ಹೊರ ಅಂಚು ಉಬ್ಬುತ್ತದೆ. ತಿರುವುಗಳಲ್ಲಿ ಮಣ್ಣು ಸಡಿಲಗೊಳ್ಳುತ್ತದೆ. ಸಲಿಕೆಯಿಂದ ಅರ್ಧ ದಿನದಲ್ಲಿ ಸರಿಪಡಿಸಬಹುದಾದುದನ್ನು ಒಂದು ಮಳೆಗಾಲ ಬಿಟ್ಟರೆ ಆಮೇಲೆ ಕಲ್ಲುಕಟ್ಟಣೆಯೇ ಬೇಕಾಗುತ್ತದೆ. ನೆಲ ಹಸಿಯಾಗಿರುವಾಗ ಸವಾರಿ ಮಾಡದಿರುವುದೂ ಹಾದಿ ಕಾಯುವ ಕೆಲಸವೇ. ಸಿರುಗುಪ್ಪದ ಎರೆಮಣ್ಣಿನಲ್ಲಿ ಇದನ್ನು ಯಾರೂ ಹೇಳಬೇಕಾಗಿಲ್ಲ. ಮಣ್ಣೇ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಗುಡ್ಡದ ಗರಸುಮಣ್ಣು ಹಾಗೆ ತಡೆಯುವುದಿಲ್ಲ, ಸುಮ್ಮನೆ ಜಾರಿಹೋಗುತ್ತದೆ.

ಹಾದಿಯನ್ನು ಎಲ್ಲಿ ಮಾಡಬಾರದೆಂಬುದು ಇನ್ನೂ ಮುಖ್ಯ. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡಗಳು ನವಶಿಲಾಯುಗದ ಜನರ ನೆಲೆ. ಹಿರೇಗುಡ್ಡದಲ್ಲಿ ಅವರು ಕಲ್ಲುಕೊಡಲಿಗಳನ್ನು ಮಾಡುತ್ತಿದ್ದರು. ಕಪ್ಪಗಲ್ಲಿನ ಕಪ್ಪುಬಂಡೆಗಳ ಮೇಲೆ ಗೂಳಿಗಳ ಕೆತ್ತನೆಗಳಿವೆ. ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ನಡೆದ ಉತ್ಖನನವೂ ಅಂಥದೇ ಬದುಕನ್ನು ಬೆಳಕಿಗೆ ತಂದಿತು. ಕೊಡಲಿ ಮಾಡುವಾಗ ಸಿಡಿದ ಚಕ್ಕೆ ಬಲ್ಲವರಿಗೆ ದಾಖಲೆ, ಅರಿಯದವರಿಗೆ ಬರಿಯ ಕಲ್ಲು. ತಿರುವಿಗೆ ಒಡ್ಡು ಕಟ್ಟಲು ಅದನ್ನು ಬುಟ್ಟಿಗೆ ತುಂಬಿದರೆ ನಾಲ್ಕು ಸಾವಿರ ವರ್ಷ ತನ್ನ ಜಾಗದಲ್ಲಿದ್ದುದು ಶ್ರಮದಾನದ ಹೆಸರಿನಲ್ಲಿ ಅಳಿಸಿಹೋಗುತ್ತದೆ. ಕಲ್ಲುಗಣಿಗಾರಿಕೆಯಿಂದ ಈಗಾಗಲೇ ಗಾಯಗೊಂಡಿರುವ ಈ ನೆಲೆಗಳಲ್ಲಿ ಹೊಸ ಹಾದಿ ಬೇಡವೇ ಬೇಡ.

ಗುಡ್ಡದಲ್ಲಿ ನೆಲೆಸಿರುವ ಜೀವಿಗಳನ್ನೂ ನೆನೆಯಬೇಕು. ಈ ಸೀಮೆಯ ಕಲ್ಲುಗುಡ್ಡಗಳು ಕರಡಿಯ ನಾಡು. 1994ರಲ್ಲಿ ದರೋಜಿಯಲ್ಲಿ ಕರಡಿಧಾಮ ರಚನೆಯಾದದ್ದು ಇದೇ ಕಾರಣಕ್ಕೆ. ಕರಡಿ ಮುಸ್ಸಂಜೆಗೆ ಗವಿ ಬಿಟ್ಟು ಹೊರಡುತ್ತದೆ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ಲು ತಿರುವಿನಲ್ಲಿ ಅದಕ್ಕೆ ಎದುರಾದರೆ ಇಬ್ಬರಿಗೂ ಅಪಾಯ. ಸಂಜೆ ಮತ್ತು ನಸುಕಿನ ಹೊತ್ತು ಗುಡ್ಡವನ್ನು ಅದರ ಒಡೆಯರಿಗೇ ಬಿಟ್ಟುಕೊಡುವುದು ಉಚಿತ.

ಗಣಿಯ ಬಾಯಿಗೆ ಗುಡ್ಡಗಳೇ ಹೋದ ಜಿಲ್ಲೆಯಲ್ಲಿ ಎರಡಡಿ ಅಗಲದ ಸೈಕಲ್ ಹಾದಿಗೆ ಇಷ್ಟು ಕಟ್ಟಳೆಯೇ ಎಂದು ಕೆಲವರು ನಗಬಹುದು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದದ್ದನ್ನು ನಾವು ಮರೆತಿಲ್ಲ. ಗುಡ್ಡವೆಂದರೆ ಯಾರದೂ ಅಲ್ಲದ ಸ್ವತ್ತು, ಮೊದಲು ಕೈ ಹಾಕಿದವನದೇ ಅದು ಎಂಬ ಭಾವನೆಯೇ ಆ ಸ್ಥಿತಿಗೆ ನಮ್ಮನ್ನು ತಂದದ್ದು. ಸೈಕಲ್ ಸವಾರನೂ ಅದೇ ಭಾವನೆಯಿಂದ ಗುಡ್ಡ ಹತ್ತಿದರೆ ಹಾನಿಯ ಪ್ರಮಾಣ ಚಿಕ್ಕದು, ರೋಗ ಅದೇ. ಪ್ರತಿ ಮಳೆಯ ನಂತರ ಒಂದೇ ಹಾದಿಗೆ ಮರಳುವವನು ಮಾತ್ರ ಬೇರೆ ಮನುಷ್ಯನಾಗುತ್ತಾನೆ. ಯಾವ ಬಂಡೆಗೆ ಹೊಸ ಉಳಿಯ ಗುರುತು ಬಿದ್ದಿದೆ, ಯಾವ ಹಳ್ಳ ಬತ್ತಿದೆ, ಎಲ್ಲಿ ಬೆಂಕಿ ಬಿದ್ದಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತದೆ. ಕುರಿಗಾಹಿಗಳು ಇಂದಿಗೂ ಅಂಥ ಕಾವಲುಗಾರರು. ಅವರ ಜೊತೆಗೆ ಇನ್ನಷ್ಟು ಕಣ್ಣುಗಳು ಸೇರಿದರೆ ಗುಡ್ಡಕ್ಕೆ ಲಾಭವೇ.

ಆದುದರಿಂದ ಯುವಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟು. ಮೊದಲು ಗ್ರಾಮಸಭೆಗೆ ಹೋಗಿ, ಕುರಿಗಾಹಿ ಹಿರಿಯರನ್ನು ಕೇಳಿ. ಅರಣ್ಯಭೂಮಿಯಾದರೆ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಇರುವ ಹಾದಿಯನ್ನು ಸುಧಾರಿಸಿ, ಹೊಸದನ್ನು ಕಡಿಯಬೇಡಿ. ಹಾದಿಯ ಪ್ರತಿ ತುಂಡಿಗೂ ಕಾಯುವವರ ಹೆಸರು ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ. ನಡೆಯುವವರಿಗೆ, ತಲೆಯ ಮೇಲೆ ಹೊರೆ ಹೊತ್ತವರಿಗೆ, ಕುರಿಹಿಂಡಿಗೆ ಸವಾರ ಇಳಿದು ದಾರಿ ಬಿಡಲಿ. ಸವಾರಿ ಪಟ್ಟಣದವರದು, ಗುದ್ದಲಿ ಹಳ್ಳಿಯವರದು ಎಂದಾಗದಿರಲಿ. ಎರಡು ಮಳೆ ಕಳೆದರೂ ದುರಸ್ತಿ ಕಾಣದ ಹಾದಿಗೆ ಗ್ರಾಮಸ್ಥರು ಮುಳ್ಳುಕಂಟಿ ಎಳೆದು, ತಂಗಡಿ, ಬಂದರಿಯ ಬೀಜ ಚೆಲ್ಲಿ ಗುಡ್ಡಕ್ಕೇ ಮರಳಿಸಲಿ. ಅಂಥ ಹಾದಿಯ ಮೇಲೆ ಸವಾರರಿಗೆ ಯಾವ ಹಕ್ಕೂ ಉಳಿಯದು.